ಮೊರ ಕೇರುವಾಗ ಮುಚ್ಚಿದ ಕಣ್ಣು

ಯುದ್ಧದಿಂದಾಗಿ ಸೀಮೆಎಣ್ಣೆಗೂ ಪರದಾಡುತ್ತಿದ್ದ ಕಾಲವದು. ಆಗೆಲ್ಲ ಮಾಗಿ ಕಳೆದು ಒಣಗಾಳಿ ಎದ್ದರೆ ನಮ್ಮ ಆಲ್ದೂರಿಗೆ ಆಲ್ದೂರೇ ಕಾಫಿ ಹೊಟ್ಟಿನ ವಾಸನೆ ಹೊಡೆಯುತ್ತಿತ್ತು. ನಮ್ಮಮ್ಮ ಸಾಹುಕಾರರ ಶೆಡ್ಡಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದಳು. ಮೊರದಲ್ಲಿ ಕೇರಿ, ಕಪ್ಪು ಬೀಜ, ಒಡಕು ಬೀಜ ಹೆಕ್ಕುವ ಕೆಲಸ. ಒಂದೂ ತಪ್ಪಬಾರದೆಂದು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅದೇ ಮುಳುವಾಯಿತು.

ಆ ವರ್ಷ ಅವಳ ಕಣ್ಣು ಕೆಂಡದಂತಾಯಿತು. "ಮರಳು ಹಾಕ್ದಂಗೆ ಆಗ್ತದೆ ಅತ್ತೆ," ಎಂದು ಅಜ್ಜಿಗೆ ಹೇಳುತ್ತ ಸೆರಗಿನಲ್ಲಿ ಉಜ್ಜಿಕೊಳ್ಳುತ್ತಿದ್ದಳು. ಅವಳು ಆರಿಸಿದ್ದರಲ್ಲಿ ಕಪ್ಪು ಬೀಜ ಕಂಡ ಶೆಡ್ಡಿನ ಮೇಸ್ತ್ರಿ, "ಮುಂದಿನ್ ವಾರ ಸಾಹುಕಾರ್ರು ಬರ್ತಾರೆ. ಅವ್ರ ಕೈಗೆ ಹಿಂಗೇ ಸಿಕ್ರೆ ನಾನೇನೂ ಮಾಡಕ್ಕಾಗಲ್ಲ ಲಚ್ಚಮ್ಮ," ಎಂದಿದ್ದ. ಅಪ್ಪ ತೀರಿಹೋಗಿದ್ದರು. ಶೆಡ್ಡು ತಪ್ಪಿದರೆ ಅಮ್ಮ ಕಳಸದಾಚೆಯ ಎಸ್ಟೇಟಿಗೆ ಹೋಗಿ ಕೂಲಿಯವರ ಲೈನ್ ಮನೆಯಲ್ಲಿರಬೇಕು, ನಾನು ಅಜ್ಜಿಯ ಬಳಿ ಉಳಿಯಬೇಕು. ನಾನಂತೂ ಅಮ್ಮನ ಸೆರಗು ಬಿಡುತ್ತಿರಲಿಲ್ಲ.

ಪಕ್ಕದ ಮನೆಯ ಪುಟ್ಟಕ್ಕ ಈರುಳ್ಳಿ ಜಜ್ಜಿಕೊಂಡು ಬಂದಳು. "ಎರಡು ಹನಿ ಬಿಡಿ, ನೀರು ಸುರಿದು ಉರಿಯೆಲ್ಲ ಹೋಗ್ತದೆ."

ಅಜ್ಜಿ ಬಾಗಿಲಿಗೇ ಅಡ್ಡ ನಿಂತಳು. "ಅಯ್ಯೋ ಮಾರಾಯ್ತಿ, ಉರಿಯೋ ಕಣ್ಣಿಗೆ ಇನ್ನೂ ಉರಿ ಹಾಕ್ತೀಯ? ತಗೊಂಡೋಗಿ ಸಾರಿಗೆ ಹಾಕು!"

ಅಜ್ಜಿ ಮಾಡಿದ್ದು ದೊಡ್ಡ ಔಷಧಿಯೇನಲ್ಲ. ಅಮ್ಮನನ್ನು ಒಲೆಯ ಹೊಗೆಯ ಹತ್ತಿರ ಸೇರಿಸಲಿಲ್ಲ. ಕಾಯಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ, "ಅಲ್ಲಾಡ್ಬೇಡ ಕಣೆ" ಎಂದು ಅಮ್ಮನ ಗದ್ದ ಹಿಡಿದು, ಮುಚ್ಚಿದ ಕಣ್ಣಿನ ಮೇಲೆ ಹಾಕಿದಳು. ಆಮೇಲೆ ತಣ್ಣನೆಯ ನಂದಿಬಟ್ಟಲು ಹೂ ಇಟ್ಟಳು. "ಉಜ್ಜಿದ್ರೆ ಕೈ ಮುರೀತೀನಿ," ಎಂದು ಗದರಿದಳು. "ಶೆಡ್ಡಲ್ಲೂ ಆಗಾಗ ಕಣ್ಣು ಮುಚ್ಚು."

"ನಿದ್ದೆ ಮಾಡ್ತಾಳೆ ಅಂತ ಮೇಸ್ತ್ರಿ ಎಬ್ಬಿಸಿ ಕಳಿಸ್ತಾನೆ ಅತ್ತೆ."

ಅಜ್ಜಿ ಎಲೆಯಡಿಕೆ ಜಗಿಯುತ್ತ ಯೋಚಿಸಿದಳು. "ಮೊರ ಕೇರುವಾಗ ಮುಚ್ಚು. ಹೊಟ್ಟು ಹಾರುವಾಗ ಕಣ್ಣು ಮುಚ್ಚಿದ್ರೆ ಯಾರು ಕೇಳ್ತಾರೆ?"

ದಿನ ಕಳೆದಂತೆ ಕೆಂಪು ಇಳಿಯಿತು. ಆದರೂ ಸಾಹುಕಾರರು ಬಂದ ದಿನ ಅಮ್ಮನಿಗೆ ಬುತ್ತಿ ಒಯ್ದ ನಾನು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಒಬ್ಬೊಬ್ಬರ ಮೊರಕ್ಕೂ ಕೈ ಹಾಕುತ್ತ ಬರುತ್ತಿದ್ದರು. ಅಮ್ಮ ಕಣ್ಣು ಮುಚ್ಚಿ ಕೇರುತ್ತಿದ್ದಳು. ಅವರು ಎದುರಿಗೆ ಬಂದು ನಿಂತರೂ ತೆರೆಯಲಿಲ್ಲ. ಅಮ್ಮಾ, ಕಣ್ಣು ಬಿಡೇ! ಎಂದು ಕೂಗಬೇಕೆನಿಸಿತು, ಬುತ್ತಿಯನ್ನು ಅವುಚಿ ಹಿಡಿದೆ.

ಮೊರ ನಿಂತಿತು. ಅಮ್ಮ ಕಣ್ಣು ಬಿಟ್ಟವಳೇ ಗಾಬರಿಯಿಂದ ಏಳಹೋದಳು. ಸಾಹುಕಾರರು ಅವಳು ಆರಿಸಿಟ್ಟ ರಾಶಿಯಿಂದ ಒಂದು ಹಿಡಿ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಕೂತ್ಕೊಳಮ್ಮ, ಕೆಲಸ ನೋಡು," ಎಂದು ಮುಂದಿನವಳ ಹತ್ತಿರ ಹೋದರು. ನಾನು ಬುತ್ತಿ ಅಲ್ಲೇ ಇಟ್ಟು ಗಳಗಳ ಅತ್ತುಬಿಟ್ಟೆ.

ಈಗ ಬೀಜವನ್ನು ಯಂತ್ರ ಆರಿಸುತ್ತದಂತೆ. ಆರಿಸಲಿ ಬಿಡಿ, ಹೆಂಗಸರ ಕಣ್ಣಾದರೂ ಉಳಿಯಲಿ. ವಯಸ್ಸಾಗಿ ನನ್ನ ಕಣ್ಣೂ ಒಣಗುತ್ತದೆ. ಡಾಕ್ಟರು ಕೊಟ್ಟ ಹನಿ ಹಿತವಾಗಿಯೇ ಇದೆ. ಆದರೆ ಬಿಟ್ಟುಕೊಳ್ಳುವವಳು ನಾನೇ; ಕೈ ನಡುಗಿ ಅರ್ಧ ಕೆನ್ನೆಗಿಳಿಯುತ್ತದೆ. "ಅಲ್ಲಾಡ್ಬೇಡ ಕಣೆ" ಎಂದು ನನ್ನ ಗದ್ದ ಹಿಡಿಯಲು ನನಗಿಂತ ಹಿರಿಯರು ಯಾರೂ ಉಳಿದಿಲ್ಲ.