ಹದಿನೇಳನೆಯ ನಂಬರಿನ ಬಿಲ್ಲೆ

ಹಿತ್ತಾಳೆಯದು, ಎಂಟಾಣೆಗಿಂತ ತುಸು ದೊಡ್ಡದು. ಮೇಲ್ಗಡೆ ಒಂದು ತೂತು, ನಡುವೆ ಅಚ್ಚೊತ್ತಿದ ಹದಿನೇಳು. ಒಂದು ಅಂಚು ಮಾತ್ರ ಸಿಮೆಂಟಿಗೆ ಉಜ್ಜಿ ಸವೆದಿದೆ. ಹನ್ನೆರಡು ವರ್ಷದಿಂದ ಅದು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿದೆ. ಎಂ.ಎ. ಮುಗಿದರೂ ಕಂಪಾಸ್ ಪೆಟ್ಟಿಗೆ ಯಾಕೆ ಎಂದು ಅವ್ವ ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತೇನೆ.

ಮೊನ್ನೆ ಅಪ್ಪನಿಗೆ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಪುಣೆಯ ವಿಮಾನನೆಲೆಯಲ್ಲಿ ಅವರು ಮೆಕ್ಯಾನಿಕ್ ಆಗಿದ್ದ ಸ್ಕ್ವಾಡ್ರನ್ನಿನ ಇತಿಹಾಸ. ಶತ್ರುವಿಮಾನದ ಸುಳಿವು ಸಿಕ್ಕರೆ ನಿಮಿಷಗಳಲ್ಲಿ ಮೇಲೆದ್ದು ಅಡ್ಡಗಟ್ಟುವುದು ಆ ಪಡೆಯ ಕೆಲಸ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ. "ನೀನ ಓದ್ ತಂಗಿ" ಎಂದು ನನ್ನ ಕೈಗೆ ಕೊಟ್ಟರು. ಯಾವ ಊರಲ್ಲಿ ಪಡೆ ಹುಟ್ಟಿತು, ಯಾವ ಯುದ್ಧದಲ್ಲಿ ಏನು ಮಾಡಿತು, ಎಲ್ಲ ಓದಿದೆ. ಪುಣೆಯಲ್ಲಿ ನನಗೆ ಹತ್ತಾಗಿದ್ದ ಆ ವರ್ಷಕ್ಕೆ ಬಂದಾಗ ಒಂದೇ ಸಾಲು: ವಿಶೇಷವೇನೂ ನಡೆಯಲಿಲ್ಲ.

ನಾನು ಅಲ್ಲಿಗೇ ಓದು ನಿಲ್ಲಿಸಿದೆ.

ಆಗ ಅಪ್ಪನ ಹತ್ತಿರ ತಮ್ಮ ನಂಬರಾದ ಹದಿನೇಳು ಅಚ್ಚೊತ್ತಿದ ಐದು ಬಿಲ್ಲೆಗಳಿದ್ದವು. ಚಿಕ್ಕವಳಿದ್ದಾಗ ಅವರೇ ವಿವರಿಸಿದ್ದರು: "ಬೋರ್ಡಿಗೆ ಬಿಲ್ಲಿ ಹಾಕಿ ಪಾನಾ, ಸ್ಕ್ರೂಡ್ರೈವರ್ ಅಂಥಾ ಹತಾರ ತಗೋಬೇಕು. ಹತಾರ ಹೊಳ್ಳಿ ಇಟ್ಟು ಬಿಲ್ಲಿ ತಗೋಬೇಕು. ಬಿಲ್ಲಿ ಲೆಕ್ಕ ತಪ್ಪಿತಂದ್ರ, ಹತಾರ ವಿಮಾನದ ಹೊಟ್ಟ್ಯಾಗ ಉಳದದ ಅಂತ ತಿಳೀಬೇಕು."

"ಉಳದ್ರ ಏನಾಗ್ತದ?"

"ವಿಮಾನ ಬೀಳ್ತದ."

ನೀವು ಕುಂಟಾಬಿಲ್ಲೆ ಆಡಿದ್ದರೆ, ಒಳ್ಳೆಯ ಬಿಲ್ಲೆಯ ಬೆಲೆ ನಿಮಗೆ ಗೊತ್ತು. ಹೆಂಚಿನ ಚೂರು ಪುಟಿದು ಗೆರೆ ದಾಟುತ್ತದೆ. ಹಿತ್ತಾಳೆಯದು ಬಿದ್ದಲ್ಲೇ ಕೂರುತ್ತದೆ. ಪಕ್ಕದ ಮನೆಯ ಸುನೀತಾ ದಿನವೂ ಮರಾಠಿಯಲ್ಲಿ "ಬಾದ್ ಝಾಲೀಸ್!" ಎಂದು ನನ್ನನ್ನು ಆಟದಿಂದ ಹೊರಹಾಕುತ್ತಿದ್ದಳು. ಹತ್ತು ವರ್ಷದ ನನಗೆ ಅದು ಸಹಿಸದಾಯಿತು. ಒಂದು ಸಂಜೆ ಅಪ್ಪನ ಅಂಗಿಯ ಜೇಬಿನಿಂದ ಒಂದು ಬಿಲ್ಲೆ ಎತ್ತಿಕೊಂಡೆ, ಗೆದ್ದೆ, ವಾಪಸು ಇಡಲು ಮರೆತೆ.

ಮರುದಿನ ನನಗೆ ಶಾಲೆ ರಜೆ. ಬೆಳಿಗ್ಗೆ ಎರಡು ವಿಮಾನಗಳು ನಮ್ಮ ತಾರಸಿಯನ್ನು ಅದುರಿಸಿ ಹೋದವು. ಎಣಿಸುವುದು ಅವ್ವನ ಅಭ್ಯಾಸ. ಹೋದಷ್ಟು ಬಂದ ಮೇಲೇ ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಂದು ಒಂದೇ ಬಂತು. ಅಷ್ಟರಲ್ಲಿ ಮಳೆ. ನನ್ನ ಕೈ ಫ್ರಾಕಿನ ಜೇಬಿಗೆ ಹೋಯಿತು, ಬಿಲ್ಲೆ ತಣ್ಣಗಿತ್ತು.

"ಇನ್ನೊಂದ್ ಎಲ್ಲೆ?" ಎಂದು ಅವ್ವ ಆಕಾಶವನ್ನೇ ಕೇಳಿದಳು. ಎಲ್ಲಿ ಎಂದು ನನಗೆ ಗೊತ್ತಿತ್ತು. ನೆಲದ ಮೇಲೆ, ಹೊಟ್ಟೆಯಲ್ಲಿ ಅಪ್ಪನ ಹತಾರ ಇಟ್ಟುಕೊಂಡು, ಹೊತ್ತಿ ಉರಿಯುತ್ತ. ಪೊಲೀಸರು ಅಪ್ಪನನ್ನು ಯೆರವಡಾ ಜೇಲಿಗೆ ಒಯ್ಯುತ್ತಾರೆ. ಮಧ್ಯಾಹ್ನವಿಡೀ ನಾನು ಬಚ್ಚಲ ಮೋರಿಯ ಬಳಿ ಕುಳಿತು ವಾಂತಿ ಮಾಡಿಕೊಂಡೆ. ಅವ್ವ ಜ್ವರವೆಂದುಕೊಂಡಳು.

ಸಂಜೆ ಅಪ್ಪ ಬಂದರು. "ಮಳಿಗೆ ಬ್ಯಾರೆ ಕಡೆ ಇಳದದ" ಎಂದಷ್ಟೇ ಹೇಳಿ ಚಹಾ ಎತ್ತಿದರು. ಕಪ್ಪು ಬಸಿಗೆ ಬಡಿದು ಕಟಕಟ ಸದ್ದಾಯಿತು. ನಾನು ಬಿಲ್ಲೆಯನ್ನು ಕಂಪಾಸ್ ಪೆಟ್ಟಿಗೆಯ ತಳಕ್ಕೆ ಹಾಕಿದೆ.

"ಯಾಕ ನಿಂತಿ, ಮುಂದ ಓದು" ಎಂದರು ಅಪ್ಪ, ನನ್ನ ಕೈಯ ಪುಸ್ತಕದ ಕಡೆ ಬೆರಳು ಮಾಡಿ.

"ಇಷ್ಟ ಅದ ಅಪ್ಪಾ. ವಿಶೇಷ ಏನೂ ನಡೀಲಿಲ್ಲಂತ."

ಅಪ್ಪ ನಕ್ಕರು. "ಬರದಾವಗೇನ್ ಗೊತ್ತು? ಒಂದಿನ ನನ್ನ ಐದು ಬಿಲ್ಲಿಯೊಳಗ ನಾಕ ಇದ್ದವು. ಆಗಲೇ ವಿಮಾನ ಮ್ಯಾಲಿತ್ತು. ಇಳೀತು ಅಂತ ಸುದ್ದಿ ಬರೂತನಾ ನನ್ನ ಜೀವದಾಗ ಜೀವ ಇರಲಿಲ್ಲ."

"ಹತಾರ ಎಲ್ಲಾ ಇದ್ವಲ್ಲ?"

"ಇದ್ವು. ಮೂರ್ ಸಲ ಎಣಿಸಿದ್ರು. ಆದ್ರ ಆ ಬಿಲ್ಲಿ ನಾ ಎಲ್ಲಿ ಬಿಟ್ಟೆ? ವಿಮಾನದೊಳಗ ಬಿಟ್ಟಿದ್ರ? ಇವತ್ತಿಗೂ ಕನಸಿನ್ಯಾಗ ಎಣಸ್ತೀನಿ, ತಂಗಿ. ನಾಕ ಬರ್ತಾವ."

ನನ್ನ ಭಯ ನನ್ನೊಬ್ಬಳದೆಂದು ಇಷ್ಟು ವರ್ಷ ಜೋಪಾನ ಮಾಡಿದ್ದೆ. ಹತಾರಗಳ ಮಾತನ್ನೇ ಎತ್ತಿ, ಬಿಲ್ಲೆಯ ಮಾತನ್ನು ನುಂಗಿ, ಆಗಲೂ ಎದ್ದು ಹೋದೆ.

ಮರುದಿನ ಬೆಳಿಗ್ಗೆ ಅಪ್ಪನ ಚಹಾ ನಾನೇ ಒಯ್ದೆ. ಬಸಿಯಲ್ಲಿ ಕಪ್ಪಿನ ಪಕ್ಕ ಬಿಲ್ಲೆ ಇಟ್ಟಿದ್ದೆ. ಅವರಿಗೆ ಸರಿಯಾಗಿ ಕಾಣದೆಂದು ಅವರ ಬೆರಳನ್ನು ಹಿಡಿದು, ಆ ಹದಿನೇಳರ ಮೇಲೆ ಇಟ್ಟೆ.