ಸಂಕದ ಬಗ್ಗೆ ಏಳು ನಿಮಿಷ

ಬಿ.ಸಿ.ರೋಡಿನಲ್ಲಿ ನಮ್ಮದೊಂದು ಭಾಷಣ ಕ್ಲಬ್ ಇದೆ. ಭಾನುವಾರ ಸಂಜೆ ಬೇಕರಿಯ ಮೇಲಿನ ಟ್ಯೂಷನ್ ಕೋಣೆಯಲ್ಲಿ ಸೇರುತ್ತೇವೆ. ಕೆಳಗೆ ಬಸ್ಸಿನ ಕಂಡಕ್ಟರುಗಳು ಮೂಡುಬಿದಿರೆ, ಬೆಳ್ತಂಗಡಿ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಮೇಲೆ ನಾವು ದನಿಯ ಏರಿಳಿತದ ಬಗ್ಗೆ ಚರ್ಚೆ ಮಾಡುತ್ತಿರುತ್ತೇವೆ. ಕಳೆದ ವರ್ಷ ನಾನು ಅದರ ಅಧ್ಯಕ್ಷೆಯಾಗಿದ್ದೆ. ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಯಾರು ಬಾಯಿ ತೆರೆದರೂ ಮನಸ್ಸಿನಲ್ಲೇ ಮಾರ್ಕು ಹಾಕುವ ಚಟ ಅಲ್ಲಿಂದಲೇ ಅಂಟಿರಬೇಕು.

ಕ್ಲಬ್ಬು ಚೆನ್ನಾಗಿ ನಡೆಯುತ್ತಿದೆಯೇ ಎಂದು ಅಳೆಯಲು ಜಿಲ್ಲಾ ಸಮಿತಿಯವರು ಅಂಕಗಳ ಕ್ರಮ ಮಾಡಿದ್ದಾರೆ. ಹೊಸ ಸದಸ್ಯರು ಸೇರಿದರೆ ಅಂಕ, ಒಬ್ಬರು ಎಲ್ಲ ಭಾಷಣಗಳನ್ನು ಮುಗಿಸಿದರೆ ಅಂಕ, ಸದಸ್ಯರು ಹೊರಗಿನ ಸಭೆಯಲ್ಲಿ ಮಾತಾಡಿದರೆ ಇನ್ನೂ ಅಂಕ. ವರ್ಷದ ಕೊನೆಗೆ ಮುಂದಿರುವ ಕ್ಲಬ್ಬಿಗೆ ಒಂದು ಫಲಕ. ಅದು ಒಮ್ಮೆಯೂ ನಮ್ಮ ಕಡೆ ಬಂದಿರಲಿಲ್ಲ. ನನಗೆ ಅದರ ಮೇಲೆ ಕಣ್ಣಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಬಂದವಳು ಸಿದ್ಧಕಟ್ಟೆ ಕಡೆಯ ಒಬ್ಬ ಬ್ಯಾರಿ ಹೆಣ್ಣುಮಗಳು. ಗಂಡ ಗಲ್ಫಿನಲ್ಲಿ, ಇವಳು ಇಲ್ಲೇ ಫ್ಯಾನ್ಸಿ ಅಂಗಡಿಯಲ್ಲಿ ಕೆಲಸಕ್ಕೆ. ಮೊದಲ ದಿನ ಪರಿಚಯ ಹೇಳಿ ಎಂದಾಗ ಎದ್ದು ನಿಂತು, ಎಲ್ಲೂ ತಡೆಯದೆ ಹೇಳಿದಳು.

"ನಮ್ಮ ಮನೆ ಹತ್ರ ತೋಡಿನ ನೀರು ದಾಟ್ಲಿಕ್ಕೆ ಒಂದು ಕಾಲುಸಂಕ ಉಂಟು. ಕೈ ಹಿಡೀಲಿಕ್ಕೆ ಕಂಬಿ ಇಲ್ಲ. ಹೋದ ಮಳೆಗಾಲ ನನ್ನ ಮಗಳು ಶಾಲೆಯಿಂದ ಬರುವಾಗ ಅದರಿಂದ ನೀರಿಗೆ ಬಿದ್ಲು. ಪಕ್ಕದ ಮನೆಯವ್ರು ನೋಡಿದ್ದಕ್ಕೆ ಉಳಿದ್ಲು. ಕಂಬಿ ಹಾಕಿ ಅಂತ ಗ್ರಾಮಸಭೆಯಲ್ಲಿ ಕೇಳ್ಬೇಕು. ನಂಗೆ ಜನರ ಎದುರು ಮಾತಾಡ್ಲಿಕ್ಕೆ ಗೊತ್ತಿಲ್ಲ. ಅದಕ್ಕೇ ಬಂದದ್ದು."

ಇಷ್ಟು ಹೇಳಿ ಕೂತುಬಿಟ್ಟಳು. ಹಿಂದೆ ಕೂತವರೂ ಮುಂದಕ್ಕೆ ಬಾಗಿ ಕೇಳಿದ್ದರು. ವಿಮರ್ಶೆ ಮಾಡುವ ಸರದಿ ನನ್ನದಾಗಿತ್ತು. ವಿಷಯ ಒಳ್ಳೆಯದು, ಆದರೆ ಆರಂಭವೇ ಇಲ್ಲ ಎಂದೆ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಕೇಳುವವರಿಗೆ ಕುತೂಹಲ ಎಲ್ಲಿ ಉಳಿಯುತ್ತದೆ ಎಂದೆ. ಅವಳು ತಲೆಯಾಡಿಸಿದಳು. ಟೀಚರು ಹೇಳಿದ ಮೇಲೆ ಮುಗಿಯಿತು. ನಮ್ಮ ಊರಲ್ಲಿ ಟೀಚರ ಮಾತನ್ನು ತಳ್ಳಿಹಾಕುವವರು ಇನ್ನೂ ಕಡಿಮೆ.

ಒಂದು ಭಾನುವಾರವೂ ತಪ್ಪಿಸದೆ ಬಂದಳು. ಭಾಷಣಗಳನ್ನೆಲ್ಲ ಮುಗಿಸಿದಳು. ಗ್ರಾಮಸಭೆ ಹತ್ತಿರ ಬಂದಾಗ ನಾನೇ ಕೂತು ಏಳು ನಿಮಿಷದ ಮಾತು ಸಿದ್ಧಮಾಡಿಸಿದೆ. ಸಭೆಗೆ ಒಂದು ಪ್ರಶ್ನೆ ಹಾಕಿ ಶುರುಮಾಡಬೇಕು, ನಡುವೆ ಊರಿನ ಮಕ್ಕಳ ಬಗ್ಗೆ, ಮಗಳು ಬಿದ್ದದ್ದು ಕೊನೆಗೆ. "ಅದು ಕೊನೆಗೇ ಇರಲಿ, ಮನಸ್ಸಿಗೆ ತಾಗ್ತದೆ" ಎಂದವಳು ನಾನು. ಬೇಕರಿಯ ಮೇಲೆ ಅವಳು ಅದನ್ನು ಹೇಳಿ ಮುಗಿಸಿದಾಗ ನಮ್ಮಲ್ಲಿ ಕೆಲವರು ಕಣ್ಣೊರೆಸಿಕೊಂಡಿದ್ದರು.

ಗ್ರಾಮಸಭೆಗೆ ನಾನೂ ಹೋದೆ. ಅವಳ ಬೆಂಬಲಕ್ಕೆ ಎಂದು ಹೇಳಿಕೊಂಡೆ. ನಿಜವಾಗಿ ಹೋದದ್ದು ವಿಡಿಯೊ ತೆಗೆಯಲು. ಹೊರಗಿನ ಸಭೆಯಲ್ಲಿ ಮಾತಾಡಿದ್ದಕ್ಕೆ ಪುರಾವೆ ಬೇಕಿತ್ತು.

ಅವಳು ನೆಟ್ಟಗೆ ನಿಂತು, ಸಭೆಯನ್ನು ಒಮ್ಮೆ ನೋಡಿ, ಕಲಿಸಿದ ಹಾಗೆಯೇ ಕೇಳಿದಳು: "ನಮ್ಮಲ್ಲಿ ಎಷ್ಟು ಮಂದಿ ಆ ಸಂಕವನ್ನು ಹೆದರದೆ ದಾಟಿದ್ದೇವೆ?"

ಕಲಿಸಿದ ಹಾಗೆಯೇ ಸ್ವಲ್ಪ ಹೊತ್ತು ಸುಮ್ಮನಾದಳು. ನಮ್ಮ ಕ್ಲಬ್ಬಿನಲ್ಲಿ ಇಂಥ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಗಂಭೀರವಾಗಿ ತಲೆದೂಗುತ್ತೇವೆ, ಅಷ್ಟೆ. ಆದರೆ ಅಲ್ಲಿ ಕೂತವರಿಗೆ ಆ ರಿವಾಜು ಯಾರು ಹೇಳಿಕೊಟ್ಟಿದ್ದರು? ಅವಳು ಪ್ರಶ್ನೆ ಕೇಳಿದಳು, ಅವರು ಉತ್ತರ ಕೊಟ್ಟರು.

"ನಾನು ದಿನಾ ದಾಟ್ತೇನೆ. ಹೆದರ್ಲಿಕ್ಕೆ ಎಂತ ಉಂಟು?" ಎಂದರು ಹಿಂದಿನ ಸಾಲಿನ ಒಬ್ಬರು.

"ರಾತ್ರಿ ಟೈಟಾಗಿ ಬರುವವ್ರೂ ಸರಿಯಾಗಿ ದಾಟ್ತಾರೆ ಮಾರಾಯ" ಎಂದರು ಮತ್ತೊಬ್ಬರು.

ಸಭೆಯೆಲ್ಲ ನಕ್ಕಿತು. ಅವಳು ಮುಂದಿನ ವಾಕ್ಯ ಎತ್ತಿಕೊಂಡಳು, ನಗುವಿನಲ್ಲಿ ಅದು ಕೇಳಿಸಲಿಲ್ಲ. ಪಂಚಾಯತ್ ಅಧ್ಯಕ್ಷರೂ ನಗುತ್ತಲೇ, "ಹಾಗಾದ್ರೆ ಅಂಥ ತೊಂದರೆ ಇಲ್ಲ ಅಂತಾಯ್ತಲ್ಲ. ಮಳೆಗಾಲ ಕಳೀಲಿ, ನೋಡುವ. ಮುಂದಿನ ವಿಷಯ?" ಎಂದರು.

ಮಗಳು ಬಿದ್ದದ್ದು ಅವಳ ಬಾಯಲ್ಲೇ ಉಳಿಯಿತು. ಅವಳು ನನ್ನ ಕಡೆ ತಿರುಗಿ ನೋಡಿದಳು. ಎದ್ದು, "ಒಂದು ನಿಮಿಷ, ಇವಳ ಮಗು ನೀರಿಗೆ ಬಿದ್ದಿದೆ" ಎಂದರೆ ಸಾಕಿತ್ತು. ನನ್ನ ಊರಲ್ಲ, ನನ್ನ ಓಟು ಇಲ್ಲಿಲ್ಲ, ನಾನು ಹೇಗೆ ಬಾಯಿ ಹಾಕುವುದು ಎಂದು ಲೆಕ್ಕ ಹಾಕುತ್ತ, ಮೊಬೈಲನ್ನು ಹಾಗೆಯೇ ಹಿಡಿದು ಕೂತಿದ್ದೆ. ಭಾಷಣ ಕ್ಲಬ್ಬಿನ ಅಧ್ಯಕ್ಷೆ! ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಫಲಕ ನಮಗೇ ಬಂತು. ಗ್ರಾಮಸಭೆಯ ಅಂಕವೂ ಅದರಲ್ಲಿ ಸೇರಿತ್ತು. ಅವಳು ಎದ್ದು ನಿಂತದ್ದು ನಿಜ, ಮಾತಾಡಿದ್ದೂ ನಿಜ. ಕಂಬಿ ಬಂತೇ ಎಂದು ಕೇಳುವ ಕ್ರಮ ಅಂಕ ಕೊಡುವವರ ಲೆಕ್ಕದಲ್ಲಿಲ್ಲ. ನಾನೂ ಹೇಳಲಿಲ್ಲ.

ಮೂಡುಬಿದಿರೆಯ ಹಾಲ್‌ನಲ್ಲಿ ಫಲಕ ಕೊಡುವ ಸಮಾರಂಭ. ಹೊರಗೆ ಮಳೆ ಹಿಡಿದಿತ್ತು. ಮುಖ್ಯ ಅತಿಥಿಗಳು ಅವಳನ್ನು ವೇದಿಕೆಗೆ ಕರೆದು, ಕ್ಲಬ್ಬಿನಿಂದ ಏನು ಪ್ರಯೋಜನವಾಯಿತು ಎಂದು ಕೇಳಿದರು. ನಾನು ಕುರ್ಚಿಯ ಹಿಡಿ ಬಿಗಿಹಿಡಿದೆ. ಹೇಳಲಿ, ಎಲ್ಲರೆದುರು ಹೇಳಿಬಿಡಲಿ ಎಂದು ಒಂದು ಮನಸ್ಸು. ಹೇಳದಿರಲಿ ಎಂದು ಇನ್ನೊಂದು.

"ನಾನು ಗ್ರಾಮಸಭೆಯಲ್ಲಿ ಮಾತಾಡಿದೆ. ಟೀಚರೇ ಕಲಿಸಿದ್ದು" ಎಂದಳು. ಜೋರು ಚಪ್ಪಾಳೆ ಬಿತ್ತು.

ಕೆಳಗಿಳಿದು ಪಕ್ಕದಲ್ಲಿ ಕೂತವಳು ಮೆಲ್ಲ ಹೇಳಿದಳು: "ಸಂಕಕ್ಕೆ ಕಂಬಿ ಬರ್ಲಿಲ್ಲ ಅಂತ ಹೇಳ್ಲಿಲ್ಲ ಟೀಚರೆ. ಇಷ್ಟು ಜನರ ಎದುರು ನಿಮಗೆ ಬೇಜಾರಾಗ್ತದೆ ಅಂತ."

ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಜೋರು ಮಳೆ ಬಂದ ದಿನ ಶಾಲೆಗೆ ಕಳಿಸುವುದಿಲ್ಲ ಎಂದಳು. ಅಷ್ಟರಲ್ಲಿ ಫೋಟೊಕ್ಕೆ ಕರೆದರು. ಇಬ್ಬರೂ ಎದ್ದು ಹೋದೆವು.