ಕೂಲರ್ ಹುಲ್ಲು, ಕಿತ್ತಳೆ ಸಿಪ್ಪೆ

ನಾಗಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವ್ವನ ಗೊಬ್ಬರದ ಡ್ರಮ್ ಇದೆ. ಹಸಿ ಕಸ ಒಂದು ಪದರ, ಅದರ ಮೇಲೆ ಒಣ ಎಲೆ ಒಂದು ಪದರ, ಎರಡು ದಿನಕ್ಕೊಮ್ಮೆ ಕೋಲಿನಿಂದ ಕಲಸುವುದು. ಇದು ಅವಳ ನಿಯಮ. ಧಾರವಾಡದಿಂದ ತಂದ ಕರಿಬೇವು ಕುಂಡದಲ್ಲಿ ಬದುಕಿರುವುದೇ ಈ ಗೊಬ್ಬರದಿಂದ.

ಕಳೆದ ಫೆಬ್ರವರಿಯಲ್ಲಿ ಮದುವೆಗೆಂದು ಊರಿಗೆ ಹೊರಟವಳು ಡ್ರಮ್ಮನ್ನು ನನಗೆ ಒಪ್ಪಿಸಿದಳು.

"ಒಣಾ ಎಲಿ ಹಾಕೋದು ಮರೀಬ್ಯಾಡ. ಅದಕ್ಕೂ ಉಸಿರು ಬೇಕು."

"ಇದಕ್ಕ ಆಧಾರ ಏನವ್ವಾ? ಕೊಳೆಯೋದು ಹೆಂಗಿದ್ರೂ ಕೊಳೀತೈತಿ."

"ನಿನ್ನ ಡಿಬೇಟು ಸ್ಟೇಜಿನ ಮ್ಯಾಲೆ ಇಟ್ಕೋ, ಮಗಳ."

ನಾನು ಕಾಲೇಜಿನ ಚರ್ಚಾ ತಂಡದವಳು. ನಿಸರ್ಗದಲ್ಲಿ ಪದಾರ್ಥ ಸುತ್ತಿ ಸುತ್ತಿ ಬರುತ್ತದೆ, ಶಕ್ತಿ ಮಾತ್ರ ಹೋದದ್ದು ಹೋಯಿತು ಎಂದು ತಡೆಯಿಲ್ಲದೆ ವಾದಿಸಿ ಕಪ್ ಗೆದ್ದವಳು. ನನಗೆ ಡ್ರಮ್ ಏನು ಮಹಾ? ಕಿತ್ತಳೆಯ ಕಾಲ. ದಿನಾ ರಸ ಹಿಂಡಿ, ಬರೀ ಸಿಪ್ಪೆ ತುಂಬಿ, ಮುಚ್ಚಳ ಬಿಗಿದೆ. ಹತ್ತನೇ ದಿನ ಇಡೀ ಮಹಡಿ ನಾರತೊಡಗಿತು. ಮೇಲಿನ ಮನೆಯ ಮರಾಠಿ ಹೆಂಗಸು, ನಾನು ಕಾಕು ಎಂದು ಕರೆಯುವವರು, ಸೊಸೈಟಿ ಕಾರ್ಯದರ್ಶಿಯನ್ನೇ ಕರೆತಂದರು. ರವಿವಾರದೊಳಗೆ ವಾಸನೆ ಹೋಗದಿದ್ದರೆ ಡ್ರಮ್ ಕಸದ ಗಾಡಿಗೆ ಎಂದು ಕಾರ್ಯದರ್ಶಿ ಹೇಳಿ ಹೋದರು.

ಮರುದಿನ ಅವ್ವ ಬಂದಳು. ಬೈಗುಳಕ್ಕೆ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವಳು ಮುಚ್ಚಳ ತೆಗೆದಳು, ಮೂಗಿಗೆ ಸೆರಗು ಹಿಡಿದಳು, ಸೀದಾ ದೂರು ಕೊಟ್ಟ ಕಾಕುವಿನ ಬಾಗಿಲಿಗೇ ಹೋದಳು.

"ವಹಿನಿ, ಕೂಲರ್‌ಚೀ ಜುನೀ ಘಾಸ್ ಆಹೇ ಕಾ?" ಅತ್ತಿಗೆ, ಕೂಲರಿನ ಹಳೇ ಹುಲ್ಲು ಇದೆಯಾ ಎಂದು ಮರಾಠಿಯಲ್ಲಿ ಕೇಳಿದಳು.

ಬೇಸಿಗೆಗೆ ಮುಂಚೆ ಇಲ್ಲಿ ಎಲ್ಲರೂ ಕೂಲರಿಗೆ ಹೊಸ ಹುಲ್ಲು ತುಂಬುತ್ತಾರೆ. ಹುಲ್ಲು ಎಂದರೆ ಕಟ್ಟಿಗೆಯ ತೆಳು ಎಳೆಗಳು. ಹಳೆಯದು ಕಸಕ್ಕೆ. ಕಾಕು ಎರಡು ಚೀಲ ತಂದುಕೊಟ್ಟರು. ಅದನ್ನು ತೊಳೆದು, ಟೆರೇಸಿನ ಬಿಸಿಲಲ್ಲಿ ಒಣಗಿಸಿ, ಸಿಪ್ಪೆಯ ಕೆಸರಿಗೆ ಕಲಸಿದೆವು. ಮುಚ್ಚಳ ಸಡಿಲ ಬಿಟ್ಟೆವು.

ಶನಿವಾರ ಬೆಳಿಗ್ಗೆ ಅವ್ವ ನನ್ನ ಕೈ ಹಿಡಿದು ಡ್ರಮ್ಮಿನೊಳಗೆ ಇಳಿಸಿದಳು.

"ಅವ್ವಾ, ಬಿಸಿ ಐತಿ!"

"ಹೂಂ. ಆಧಾರ ಬೇಕಿತ್ತಲ್ಲ?"

ಕಿತ್ತಳೆಯ ಎಲೆಗಳು ಹಿಡಿದಿಟ್ಟ ಬಿಸಿಲದು. ಕಣ್ಣಿಗೆ ಕಾಣದ ಜೀವಿಗಳು ಸಿಪ್ಪೆ ತಿಂದು ಬದುಕುತ್ತ ಅದನ್ನು ಖರ್ಚು ಮಾಡುತ್ತಿದ್ದವು. ನನ್ನ ಬೆರಳ ಸಂದಿಯಿಂದ ಅದು ಗಾಳಿಗೆ ಹೋಗುತ್ತಿತ್ತು, ಮತ್ತೆ ಬರುವುದಿಲ್ಲ. ಉಳಿದದ್ದು ಕರಿಬೇವಿಗೆ. ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ ಮಾತು ಕೈಗೆ ಬೆಚ್ಚಗೆ ತಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ವಾದಕ್ಕಿಳಿದಿದ್ದರೆ ಅವ್ವನನ್ನು ನಾನು ಸೋಲಿಸಿಬಿಡುತ್ತಿದ್ದೆ. ಅವಳು ವಾದಿಸಲಿಲ್ಲ, ಪುಣ್ಯ.

ರವಿವಾರ ಕಾರ್ಯದರ್ಶಿ ಎರಡು ಸಲ ಮೂಸಿ ನೋಡಿ, ಸರಿ ಎಂದು ತಲೆಯಾಡಿಸಿ ಹೋದರು. ಜೊತೆಗೆ ಬಂದಿದ್ದ ಕಾಕು ಮಾತ್ರ ನಿಂತರು. ಗೊಬ್ಬರ ತಯಾರಾದಾಗ ತಮ್ಮ ತುಳಸಿಗೂ ಸ್ವಲ್ಪ ಬೇಕಂತೆ.

ಅವ್ವ ನನ್ನತ್ತ ಬೆರಳು ಮಾಡಿದಳು. "ಹಿಲಾ ವಿಚಾರಾ." ಇವಳನ್ನು ಕೇಳಿ.

ಅಷ್ಟು ನಾರಿಸಿದ ಮೇಲೂ ಡ್ರಮ್ಮನ್ನು ಅವಳು ನನ್ನ ಕೈಯಿಂದ ಕಸಿದುಕೊಳ್ಳಲಿಲ್ಲ.